ಮನೆಯಿಂದ ಹೊರಬಿದ್ದ ಮಲ್ಲ ಕಟ್ಟಿದ ಗರಡಿ

1972ನೆಯ ಇಸವಿ ಮಾರ್ಚ್ 6ರಂದು ಟೋಕಿಯೋ ನಗರದ ಓತಾ ವಾರ್ಡಿನ ವ್ಯಾಯಾಮ ಮಂದಿರದಲ್ಲಿ ಹೊಸದೊಂದು ಕುಸ್ತಿ ಸಂಸ್ಥೆಯ ಪ್ರಥಮ ಪ್ರದರ್ಶನ ಏರ್ಪಟ್ಟಿತ್ತು. ಸಂಸ್ಥೆಯ ಹೆಸರು ‘ನ್ಯೂ ಜಪಾನ್ ಪ್ರೊ ರೆಸ್ಲಿಂಗ್’. ಅದರ ಒಡೆಯನೂ ಅವನೇ, ಮುಖ್ಯ ಮಲ್ಲನೂ ಅವನೇ: 29 ವರ್ಷದ ಆಂಟೋನಿಯೋ ಇನೋಕಿ. ಎದುರಾಳಿಯಾಗಿ ನಿಂತವನು 47 ವರ್ಷದ ಕಾರ್ಲ್ ಗಾಚ್ ಎಂಬ ಬೆಲ್ಜಿಯಂ ಮೂಲದ ಜಟ್ಟಿ. ಗೃಹಪ್ರವೇಶದ ದಿನ ಮನೆಯ ಯಜಮಾನನಿಗೇ ಮಾಲೆ ಬೀಳುವುದು ಲೋಕರೂಢಿ. ಆದರೆ ಅಂದು ಇನೋಕಿ ಸೋತನು.

ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರಾರು, ಸೋಲುವವರಾರು ಎಂಬುದು ಕಣಕ್ಕಿಳಿಯುವ ಮೊದಲೇ ಗೊತ್ತಾಗಿರುತ್ತದೆಂಬುದು ಈಗ ಗುಟ್ಟೇನೂ ಅಲ್ಲ. ಹಾಗಿದ್ದ ಮೇಲೆ ಆ ಸೋಲು ಯಜಮಾನನೇ ತಿಳಿದು ಒಪ್ಪಿಕೊಂಡ ಸೋಲು. ಕೈಯಲ್ಲಿ ಹಣವಿಲ್ಲ, ಹೆಸರಾಂತ ವಿದೇಶೀ ಮಲ್ಲರಿಲ್ಲ, ಪಂದ್ಯವನ್ನು ಪ್ರಸಾರ ಮಾಡಲು ಯಾವ ಟೆಲಿವಿಷನ್ ಸಂಸ್ಥೆಯೂ ಮುಂದೆ ಬಂದಿಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆ ಸೋಲಿನಿಂದಲೇ ವ್ಯಾಪಾರ ಆರಂಭಿಸಿದ ಈ ಮನುಷ್ಯನ ಲೆಕ್ಕಾಚಾರವಾದರೂ ಏನು? ಅದನ್ನು ತಿಳಿಯಬೇಕಾದರೆ ಅವನ ಗುರುವಿನ ಕಥೆಯಿಂದ ಹೊರಡಬೇಕು.

ಗುರುವಿನ ಕಾಲ

ಮಹಾಯುದ್ಧದಲ್ಲಿ ಸೋತು, ಪರಕೀಯ ಸೈನ್ಯದ ಅಧೀನದಲ್ಲಿ ಏಳು ವರ್ಷ ತಲೆತಗ್ಗಿಸಿ ಬಾಳಿದ ಜಪಾನಿಗೆ ಸ್ವಾತಂತ್ರ್ಯ ಮರಳಿ ಬಂದದ್ದು 1952ರಲ್ಲಿ. ಮರುವರ್ಷವೇ ರಿಕಿದೋಜಾನ್ ಎಂಬವನು ‘ಜಪಾನ್ ಪ್ರೊ ರೆಸ್ಲಿಂಗ್’ ಸಂಸ್ಥೆಯನ್ನು ಹುಟ್ಟುಹಾಕಿದನು. ಅವನು ಹಿಂದೆ ಸುಮೋ ಮಲ್ಲನಾಗಿದ್ದು, 1950ರಲ್ಲಿ ಆ ವೃತ್ತಿಯನ್ನು ಬಿಟ್ಟು ಬಂದವನು. 1954ನೆಯ ಫೆಬ್ರವರಿ 19ರಂದು ಅವನು ಜೂಡೋ ವೀರ ಮಾಸಾಹಿಕೋ ಕಿಮುರಾನೊಡನೆ ಜೊತೆಗೂಡಿ ಶಾರ್ಪ್ ಸಹೋದರರೆಂಬ ಇಬ್ಬರು ದೈತ್ಯಾಕಾರದ ಬಿಳಿಯರನ್ನು ಎದುರಿಸಿದನು. ಜಪಾನಿನಲ್ಲಿ ಟೆಲಿವಿಷನ್ ಆರಂಭವಾಗಿ ಆಗಿನ್ನೂ ಒಂದೇ ವರ್ಷ. ಮನೆಯಲ್ಲಿ ಪೆಟ್ಟಿಗೆಯುಳ್ಳವರು ಬಹು ವಿರಳ. ಆದುದರಿಂದ ರಸ್ತೆಯ ಚೌಕಗಳಲ್ಲಿ, ನಿಲ್ದಾಣಗಳ ಮುಂದೆ ಸಾರ್ವಜನಿಕರಿಗಾಗಿ ಪೆಟ್ಟಿಗೆಗಳನ್ನು ಇರಿಸಲಾಗಿತ್ತು. ಶಿಂಬಾಶಿ ನಿಲ್ದಾಣದ ಮುಂದೆ ಒಂದೇ ಪೆಟ್ಟಿಗೆಯ ಸುತ್ತ 20,000 ಜನ ನೆರೆದಿದ್ದರೆಂದು ಹೇಳುತ್ತಾರೆ.

ರಿಕಿದೋಜಾನನು ಅಂಗೈಯ ಅಂಚಿನಿಂದ ಬಿಳಿಯರ ಎದೆಗೆ ಪೆಟ್ಟು ಕೊಟ್ಟಾಗಲೆಲ್ಲ ಆ ಜನಸ್ತೋಮ ಹೋ ಎಂದು ಕೂಗಿತು. ಶಾರ್ಪ್ ಸಹೋದರರು ಕೆನಡಾದವರು. ಆದರೆ ನೋಡುವವರ ಕಣ್ಣಿಗೆ ಅವರು ಅಮೆರಿಕದವರೇ. ಸೋತ ನಾಡಿಗೆ ಅದೊಂದು ಔಷಧ. ವಿಚಿತ್ರವೆಂದರೆ, ಜಪಾನೀಯರ ಮಾನ ಕಾಯ್ದ ಆ ವೀರ ಹುಟ್ಟಿನಿಂದ ಜಪಾನೀಯನಲ್ಲ; ಕೊರಿಯಾ ದೇಶದವನು. ಅವನ ಜೀವಿತಕಾಲದಲ್ಲಿ ಆ ಸಂಗತಿಯನ್ನು ಜನತೆಯಿಂದ ಮುಚ್ಚಿಡಲಾಗಿತ್ತು.

ಇಬ್ಬರು ಶಿಷ್ಯರು

1960ರಲ್ಲಿ ಈ ಗುರುವಿನ ಬಳಿಗೆ ಇಬ್ಬರು ತರುಣರು ಬಂದರು. ಒಬ್ಬನು ಶೋಹೇ ಬಾಬಾ. ಬೇಸ್‌ಬಾಲ್ ಚೆಂಡೆಸೆತಗಾರನಾಗಿದ್ದ ಆಜಾನುಬಾಹು. ಮುಂದೆ ‘ಜಾಯಂಟ್ ಬಾಬಾ’ ಎಂದೇ ಹೆಸರಾದವನು. ಇನ್ನೊಬ್ಬನು ಕಾಂಜಿ ಇನೋಕಿ. ಯೋಕೊಹಾಮಾದಲ್ಲಿ ಹುಟ್ಟಿ, 14ನೆಯ ವಯಸ್ಸಿನಲ್ಲಿ ಕುಟುಂಬದೊಡನೆ ಹಡಗೇರಿ ಬ್ರೆಜಿಲ್ ದೇಶಕ್ಕೆ ಹೋಗಿ, ಅಲ್ಲಿನ ಕಾಫಿ ತೋಟದಲ್ಲಿ ಕೂಲಿ ಮಾಡಿದ ಹುಡುಗ. ಹಡಗಿನಲ್ಲಿಯೇ ಅಜ್ಜನನ್ನು ಕಳೆದುಕೊಂಡವನು. ಬ್ರೆಜಿಲ್ ಪ್ರವಾಸದಲ್ಲಿದ್ದ ರಿಕಿದೋಜಾನನ ಕಣ್ಣಿಗೆ ಬಿದ್ದು ಜಪಾನಿಗೆ ಮರಳಿದನು. ಆಂಟೋನಿಯೋ ಎಂಬ ಹೆಸರು ಅನಂತರ ಬಂದದ್ದು.

ಇಬ್ಬರೂ ಕಣಕ್ಕಿಳಿದದ್ದು ಒಂದೇ ದಿನ, 1960ನೆಯ ಸೆಪ್ಟೆಂಬರ್ 30. ಬಾಬಾ ಗೆದ್ದನು, ಇನೋಕಿ ಸೋತನು. ಅಂದಿನಿಂದ ಇಬ್ಬರ ದಾರಿಯೂ ಹಾಗೆಯೇ ನಡೆಯಿತು. ಬಾಬಾನಿಗೆ ಗುರುವಿನ ಮನ್ನಣೆ. ಇನೋಕಿಗೆ ಗುರುವಿನ ಊಳಿಗ, ಬೈಗುಳ, ಏಟು. 1963ರ ಡಿಸೆಂಬರಿನಲ್ಲಿ ರಿಕಿದೋಜಾನನು ಟೋಕಿಯೋದ ನೈಟ್ ಕ್ಲಬ್ಬೊಂದರಲ್ಲಿ ಪುಂಡನೊಬ್ಬನ ಚಾಕುವಿನ ಇರಿತಕ್ಕೆ ಗುರಿಯಾಗಿ, ಒಂದು ವಾರದ ನಂತರ ತನ್ನ 39ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಾಲಕ್ರಮದಲ್ಲಿ ಸಿಂಹಾಸನ ಬಾಬಾನಿಗೆ ಸಂದಿತು. 1966ರಲ್ಲಿ ಇನೋಕಿ ಬೇರೆಯವರೊಡನೆ ಕೂಡಿ ‘ಟೋಕಿಯೋ ಪ್ರೊ ರೆಸ್ಲಿಂಗ್’ ಎಂಬ ಸಂಸ್ಥೆ ಕಟ್ಟಲು ಹೋದನು. ಕೆಲವೇ ತಿಂಗಳಲ್ಲಿ ಅದು ದಿವಾಳಿಯೆದ್ದಿತು. ಕೈಸುಟ್ಟುಕೊಂಡವನು ಹಳೆಯ ಮನೆಗೇ ಹಿಂದಿರುಗಿ, ಬಾಬಾನ ಜೊತೆಗಾರನಾಗಿ ಹೆಗಲು ಕೊಟ್ಟನು. ಆ ಜೋಡಿಯನ್ನು ನೋಡಲು ಜನ ಮುಗಿಬಿದ್ದರು.

ಆದರೆ ಮಲ್ಲರು ಗಳಿಸಿದ ಹಣ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಆ ಮನೆಯೊಳಗೆ ಹೊಗೆಯಾಡುತ್ತಿತ್ತು. ಲೆಕ್ಕಪತ್ರ ಸರಿಪಡಿಸಬೇಕೆಂದು ಇನೋಕಿ ಪಟ್ಟುಹಿಡಿದನು. ಸಂಸ್ಥೆಯನ್ನೇ ನುಂಗಲು ಸಂಚು ಹೂಡಿದ್ದಾನೆಂದು ಆಡಳಿತದವರು ಆರೋಪ ಹೊರಿಸಿದರು. 1971ರ ಡಿಸೆಂಬರಿನಲ್ಲಿ ಅವನನ್ನು ಉಚ್ಚಾಟಿಸಲಾಯಿತು. ಅವನ ಬೆನ್ನ ಹಿಂದೆ ನಡೆದು ಬಂದವರು ಬೆರಳೆಣಿಕೆಯ ಮಂದಿ: ಅನುಭವಿಯಾದ ಕೊತೆತ್ಸು ಯಾಮಾಮೋತೊ, 17 ವರ್ಷದ ಹುಡುಗ ತಾತ್ಸುಮಿ ಫುಜಿನಾಮಿ, ಮತ್ತೆ ಒಬ್ಬಿಬ್ಬರು.

ಅಂಗಳದ ಗರಡಿ

ಟೋಕಿಯೋದ ಸೆತಗಾಯಾ ಭಾಗದ ನೋಗೆಯಲ್ಲಿದ್ದ ಇನೋಕಿಯ ಸ್ವಂತ ಮನೆಯೇ ಹೊಸ ಸಂಸ್ಥೆಯ ಗರಡಿಯಾಯಿತು. ಗಾಚ್ ಅಲ್ಲಿಯ ಗುರು. ಇಂಗ್ಲೆಂಡಿನ ವಿಗನ್ ಪಟ್ಟಣದ ಪ್ರಸಿದ್ಧ ಗರಡಿಯಲ್ಲಿ ಪಳಗಿದ ಈತನು 1948ರ ಒಲಿಂಪಿಕ್ಸಿನಲ್ಲಿ ಬೆಲ್ಜಿಯಂ ಪರವಾಗಿ ಸೆಣಸಿದ್ದವನು. ಕಬ್ಬಿಣದ ಗುಂಡುಗಳನ್ನು ಎತ್ತುವುದಕ್ಕಿಂತ ತನ್ನ ಮೈಭಾರವನ್ನೇ ಸಾಧನವಾಗಿಸಿಕೊಂಡು ಮಾಡುವ ಸಾಮಿನಲ್ಲಿ ಅವನಿಗೆ ನಂಬಿಕೆ. ಜಪಾನಿನ ಮಲ್ಲರು ನೂರರ ಲೆಕ್ಕದಲ್ಲಿ ಹೊಡೆಯುವ ಬಸ್ಕಿಗೆ ಅಲ್ಲಿ ‘ಹಿಂದೂ ಸ್ಕ್ವಾಟ್’ ಎಂದೇ ಹೆಸರು. ನಮ್ಮ ಗರಡಿಮನೆಗಳಲ್ಲಿ ಹುಡುಗರು ಬೆಳಗಿನ ಜಾವ ಹೊಡೆಯುವ ಬಸ್ಕಿಯೇ ಅದು. ಹುಟ್ಟಿದ ನಾಡಿನ ಹೆಸರನ್ನು ಅಷ್ಟು ದೂರ ಹೋದ ಮೇಲೂ ಅದು ಬಿಟ್ಟುಕೊಟ್ಟಿಲ್ಲ.

ಈಗ ಆ ಪ್ರಥಮ ದಿನದ ಸೋಲಿನ ಅರ್ಥ ತಿಳಿಯುತ್ತದೆ. ಥಳುಕಿನ ವೇಷಗಳಿಗೂ ಅಬ್ಬರಕ್ಕೂ ಹೆಸರಾದ ವ್ಯವಸಾಯದಲ್ಲಿ, ‘ನಮ್ಮಲ್ಲಿ ವಿದ್ಯೆಯೇ ದೊಡ್ಡದು, ಯಜಮಾನನಾದರೂ ಗುರುವಿನ ಮುಂದೆ ಚಿತ್ತಾಗುತ್ತಾನೆ’ ಎಂದು ಸಾರುವುದಕ್ಕೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಪರಿಣಾಮಕಾರಿಯಾದ ಜಾಹೀರಾತು ಬೇರೊಂದಿರಲಿಲ್ಲ. ಮುಂದೆ ‘ಸ್ಟ್ರಾಂಗ್ ಸ್ಟೈಲ್’ ಎಂದು ಪ್ರಸಿದ್ಧವಾದ ಕಸುವಿನ ಪದ್ಧತಿಗೆ ಬೀಜ ಬಿದ್ದದ್ದು ಇಲ್ಲಿಯೇ.

ಆದರೆ ವಿದ್ಯೆಯಿಂದ ಮಾತ್ರ ಹೊಟ್ಟೆ ತುಂಬದು. ಅದೇ ವರ್ಷ ಬಾಬಾನೂ ಹಳೆಯ ಸಂಸ್ಥೆಯನ್ನು ತೊರೆದು, ನಿಪ್ಪಾನ್ ಟೆಲಿವಿಷನ್ನಿನ ಬೆಂಬಲದಿಂದ ಅಕ್ಟೋಬರಿನಲ್ಲಿ ‘ಆಲ್ ಜಪಾನ್ ಪ್ರೊ ರೆಸ್ಲಿಂಗ್’ ಎಂಬ ಸಂಸ್ಥೆ ತೆರೆದನು. ಅವನಿಗೆ ಪ್ರಸಾರವೂ ಉಂಟು, ಅಮೆರಿಕದ ಮಲ್ಲರ ಸಖ್ಯವೂ ಉಂಟು. ಇನೋಕಿಗೆ ಎರಡೂ ಇಲ್ಲ. ಒಂದು ವರ್ಷ ಅವನು ಸಾಲದಲ್ಲಿಯೇ ಉಸಿರು ಹಿಡಿದನು. 1973ರ ವಸಂತದಲ್ಲಿ ಹಳೆಯ ಸಂಸ್ಥೆಯ ಪ್ರಮುಖನೂ ಜೂಡೋ ಚಾಂಪಿಯನ್ನನೂ ಆದ ಸೈಜಿ ಸಕಾಗುಚಿ ಇನೋಕಿಯ ಪಕ್ಷಕ್ಕೆ ಬಂದು ಸೇರಿದನು. ಅವನ ಹಿಂದೆಯೇ ನೆಟ್ ಎಂಬ ಟೆಲಿವಿಷನ್ ಸಂಸ್ಥೆಯೂ ಬಂದಿತು, ಇಂದಿನ ಟಿ.ವಿ. ಅಸಾಹಿ ಅದೇ. ಏಪ್ರಿಲಿನಲ್ಲಿ ಪ್ರಸಾರ ಆರಂಭವಾಯಿತು. ಅದೇ ತಿಂಗಳು ರಿಕಿದೋಜಾನ್ ಕಟ್ಟಿದ ಹಳೆಯ ಸಂಸ್ಥೆ ಬಾಗಿಲು ಮುಚ್ಚಿತು.

ಪಂಜಾಬಿನ ಹುಲಿ, ಅಮೆರಿಕದ ಅಲಿ

ಅಮೆರಿಕದ ಹೆಸರಾಂತ ಮಲ್ಲರೆಲ್ಲ ಬಾಬಾನ ಪಾಲಾಗಿದ್ದುದರಿಂದ ಇನೋಕಿ ತನ್ನ ಖಳನಾಯಕನನ್ನು ಬೇರೆಡೆ ಹುಡುಕಬೇಕಾಯಿತು. ಸಿಕ್ಕಿದವನು ಟೈಗರ್ ಜೀತ್ ಸಿಂಗ್. ಪಂಜಾಬಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ್ದ ಈ ಮಲ್ಲ ಪೇಟ ಸುತ್ತಿ, ಕತ್ತಿ ಹಿಡಿದು ಕಣಕ್ಕೆ ನುಗ್ಗುತ್ತಿದ್ದನು. 1973ರ ನವೆಂಬರಿನಲ್ಲಿ ಟೋಕಿಯೋದ ಶಿಂಜುಕುವಿನ ದೊಡ್ಡ ಅಂಗಡಿಯೊಂದರ ಬಳಿ, ಪತ್ನಿಯೊಡನೆ ಸಾಮಾನು ಕೊಳ್ಳಲು ಬಂದಿದ್ದ ಇನೋಕಿಯ ಮೇಲೆ ಅವನು ಹಾಡಹಗಲಲ್ಲೇ ಎರಗಿದನು. ದಾರಿಹೋಕರು ಬೆದರಿದರು, ಪೊಲೀಸರು ಓಡಿಬಂದರು. ಅದು ಹೂಡಿದ ಆಟವೋ, ನಿಜವಾದ ಕೋಪವೋ ಎಂಬ ಚರ್ಚೆ ಅನಂತರವೂ ನಿಲ್ಲಲಿಲ್ಲ. ಟಿಕೀಟುಗಳು ಮಾತ್ರ ಖರ್ಚಾದವು.

1974ನೆಯ ಮಾರ್ಚ್ 19ರಂದು ಇನೋಕಿ ಮತ್ತೊಂದು ಸಂಸ್ಥೆಯ ಅಗ್ರಗಣ್ಯನಾಗಿದ್ದ ಶೋಜೋ ಕೊಬಾಯಾಶಿಯನ್ನು ಎದುರಿಸಿದನು. ಜಪಾನೀಯನಿಗೆ ಜಪಾನೀಯನೇ ಎದುರಾಗುವ ದೊಡ್ಡ ಕಾಳಗ ಅಲ್ಲಿಯವರೆಗೆ ಅಪರೂಪ. ಕುರಾಮಾಯೆ ಸಭಾಂಗಣ ಕಿಕ್ಕಿರಿದು, ಹೊಸ ಸಂಸ್ಥೆ ನೆಲೆ ನಿಂತಿತೆಂಬುದಕ್ಕೆ ಸಾಕ್ಷಿಯಾಯಿತು.

ಅಲ್ಲಿಗೆ ತೃಪ್ತಿಪಡುವ ಸ್ವಭಾವ ಇನೋಕಿಯದಲ್ಲ. 1976ನೆಯ ಜೂನ್ 26ರಂದು ಅವನು ಲೋಕವಿಖ್ಯಾತ ಮುಷ್ಟಿಮಲ್ಲ ಮಹಮದ್ ಅಲಿಯನ್ನೇ ಟೋಕಿಯೋಗೆ ಕರೆಸಿದನು. ಅಲಿಗೆ ಒಪ್ಪಿಕೊಂಡ ಸಂಭಾವನೆ 60 ಲಕ್ಷ ಡಾಲರಿನಷ್ಟು. ನಿಯಮಗಳ ಕಟ್ಟು ಬಿಗಿಯಾಗಿದ್ದುದರಿಂದ ಇನೋಕಿ 15 ಸುತ್ತುಗಳ ಬಹುಭಾಗವನ್ನು ನೆಲದ ಮೇಲೆ ಮಲಗಿಯೇ ಕಳೆದು, ಅಲಿಯ ಕಾಲುಗಳಿಗೆ ಒದೆಯುತ್ತಿದ್ದನು. ಪಂದ್ಯ ಸಮವಾಯಿತು. ಲೋಕವೆಲ್ಲ ನಕ್ಕಿತು. ಅಲಿಯ ಕಾಲುಗಳು ಬಾತು ಅವನು ಆಸ್ಪತ್ರೆ ಸೇರಿದನು. ಇನೋಕಿಯ ಸಂಸ್ಥೆ ಸಾಲದ ಮಡುವಿಗೆ ಬಿದ್ದಿತು. ಆ ನಗೆಪಾಟಲಿನ ಪಂದ್ಯವನ್ನೇ, ನಾನಾ ವಿದ್ಯೆಗಳ ವೀರರು ಒಂದೇ ಕಣದಲ್ಲಿ ಸೆಣಸುವ ಇಂದಿನ ಮಿಶ್ರ ಕಾಳಗಗಳ ಪೂರ್ವಜನೆಂದು ಅನಂತರದವರು ಗೌರವಿಸುತ್ತಾರೆ.

ಅದೇ ಡಿಸೆಂಬರಿನಲ್ಲಿ ಇನೋಕಿ ಕರಾಚಿಗೆ ಹೋಗಿ, ಮಹಾಮಲ್ಲ ಗಾಮಾನ ಮನೆತನದ ಅಕ್ರಂ ಪೈಲ್ವಾನನೊಡನೆ ಸೆಣಸಿದನು. ಅದು ಹೂಡಿದ ಆಟವಾಗಿ ಉಳಿಯಲಿಲ್ಲ. ತೋಳಿಗೆ ಹಾಕಿದ ಪಟ್ಟಿಗೆ ಅಕ್ರಮನ ಮೂಳೆ ಮುರಿಯಿತು. 1979ರಲ್ಲಿ ಲಾಹೋರಿನಲ್ಲಿ ಅದೇ ಮನೆತನದ ತರುಣ ಝಾರಾನೊಡನೆ ಪಂದ್ಯ ಸಮವಾದಾಗ ಇನೋಕಿ ಆ ಹುಡುಗನ ಕೈಯನ್ನು ತಾನೇ ಮೇಲೆತ್ತಿ ಹಿಡಿದನು. ಅಂಗ ಮುರಿದವನನ್ನು ದ್ವೇಷಿಸಬೇಕಾಗಿದ್ದ ಜನ ಅಂದಿನಿಂದ ಅವನನ್ನು ಆದರಿಸಿದರು.

ಮಾಡಿದ್ದುಣ್ಣೋ ಮಹಾರಾಯ

ಲೆಕ್ಕ ಕೇಳಿದ್ದಕ್ಕಾಗಿ ಹೊರಬಿದ್ದವನ ಮನೆಯಲ್ಲಿ ಲೆಕ್ಕ ಚೊಕ್ಕಟವಾಗಿತ್ತೇ? ಅದು ಹಾಗಾಗಲಿಲ್ಲ. ಸಂಸ್ಥೆಗೆ ಹಣ ಹರಿದುಬರುತ್ತಿದ್ದ ಕಾಲದಲ್ಲಿ ಇನೋಕಿ, ತಾನು ಬಾಲ್ಯದಲ್ಲಿ ಬೆವರು ಸುರಿಸಿದ ಬ್ರೆಜಿಲ್ ದೇಶದಲ್ಲಿ ಕಬ್ಬಿನ ಸಿಪ್ಪೆಯನ್ನು ಉಪಯೋಗಕ್ಕೆ ತರುವ ಉದ್ಯಮವೊಂದನ್ನು ಹೂಡಿದನು. ಅದು ನಷ್ಟದ ಕೂಪವಾಯಿತು. ಮಲ್ಲರ ದುಡಿಮೆ ಆ ಕೂಪಕ್ಕೆ ಹೋಗುತ್ತಿದೆಯೆಂದು ಸಹಚರರೇ ತಿರುಗಿಬಿದ್ದು, 1983ರ ಆಗಸ್ಟಿನಲ್ಲಿ ಅವನನ್ನು ಅಧ್ಯಕ್ಷ ಸ್ಥಾನದಿಂದ ಕೆಳಗಿಳಿಸಿದರು. ಹನ್ನೆರಡು ವರ್ಷದ ಹಿಂದೆ ಅವನು ಕೇಳಿದ ಪ್ರಶ್ನೆಯನ್ನೇ ಈಗ ಅವನಿಗೆ ಕೇಳಿದರು. ಟೆಲಿವಿಷನ್ ಸಂಸ್ಥೆಯ ಬೆಂಬಲದಿಂದ ಕೆಲವೇ ತಿಂಗಳಲ್ಲಿ ಅವನು ಪೀಠಕ್ಕೆ ಮರಳಿದನು. ಆದರೆ ಮರುವರ್ಷ ಅನೇಕ ಮಲ್ಲರು ಹೊರನಡೆದು ತಮ್ಮದೇ ಸಂಸ್ಥೆಗಳನ್ನು ಕಟ್ಟಿದರು. ಒಡೆದ ಮನೆಯಿಂದ ಹುಟ್ಟಿದ ಮನೆಯೂ ಒಡೆಯಿತು.

1989ರಲ್ಲಿ ಇನೋಕಿ ಜಪಾನಿನ ಸಂಸತ್ತಿನ ಮೇಲ್ಮನೆಗೆ ಚುನಾಯಿತನಾದನು. 1995ರ ಏಪ್ರಿಲಿನಲ್ಲಿ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗಿನಲ್ಲಿ ಎರಡು ದಿನ ಕುಸ್ತಿಯ ಉತ್ಸವ ನಡೆಸಿದನು. ಮೂರು ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರೆಂದು ಸಂಘಟಕರ ಲೆಕ್ಕ. ಅದನ್ನು ನಂಬದವರೂ ಉಂಟು. ಜನರ ಎಣಿಕೆ ಹೇಗೇ ಇರಲಿ, ಗುರು ಹುಟ್ಟಿದ ನಾಡಿಗೆ, ಗುರು ಬದುಕಿರುವಾಗ ಬಾಯಿಬಿಟ್ಟು ಹೇಳಲಾರದೆ ಹೋದ ನಾಡಿಗೆ, ಏಟು ತಿಂದ ಶಿಷ್ಯನೇ ಅವನ ವಿದ್ಯೆಯನ್ನು ಹೊತ್ತು ಹೋದನೆಂಬುದು ನಿಜ.

ಬಾಬಾ 1999ರಲ್ಲಿ ಕಾಲವಾದನು. ಇನೋಕಿ 2005ರಲ್ಲಿ ತನ್ನ ಪಾಲನ್ನು ಮಾರಿ ಸಂಸ್ಥೆಯಿಂದ ದೂರವಾದನು. 2022ರಲ್ಲಿ ಸಂಸ್ಥೆಗೆ ಐವತ್ತು ತುಂಬಿತು; ಅದೇ ವರ್ಷ ಅಕ್ಟೋಬರ್ 1ರಂದು ಅವನು 79ನೆಯ ವಯಸ್ಸಿನಲ್ಲಿ ತೀರಿಕೊಂಡನು. ಹೊರಬಿದ್ದ ದಿನ ಅವನ ಹಿಂದೆ ಬಂದ ಹುಡುಗ ಫುಜಿನಾಮಿ ಬೆಳೆದು ಅದೇ ಸಂಸ್ಥೆಯ ಚಾಂಪಿಯನ್ ಆದನು. 1988ರ ಆಗಸ್ಟಿನಲ್ಲಿ, ಇನೋಕಿ ಹುಟ್ಟಿದ ಯೋಕೊಹಾಮಾ ನಗರದಲ್ಲಿಯೇ, ಆ ಪದವಿಗಾಗಿ ಗುರುಶಿಷ್ಯರು ಎದುರುಬದುರಾದರು. ಪೂರ್ತಿ 60 ನಿಮಿಷ ಸೆಣಸಿದರು. ಗುರು ಗೆಲ್ಲಲಿಲ್ಲ, ಶಿಷ್ಯ ಸೋಲಲಿಲ್ಲ.