ಥಾನೋಸ್‌ಗೆ ಕನ್ನಡ ಬರಲ್ವಾ?

ಮೊನ್ನೆ ಭಾನುವಾರ ಬಸವೇಶ್ವರನಗರದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಟೀವಿ ಮುಂದೆ ಕೂತು ‘ಅವೆಂಜರ್ಸ್: ಎಂಡ್‌ಗೇಮ್’ ಎಷ್ಟನೇ ಸಲವೋ ನೋಡ್ತಾ ಇದ್ದ. "ಇದು ಕನ್ನಡದಲ್ಲಿ ಇದ್ದಿದ್ರೆ ಹೇಗಿರ್ತಿತ್ತೋ?" ಅಂದೆ. "ಅಯ್ಯೋ ಮಾಮ, ಥಾನೋಸ್ ಕನ್ನಡ ಮಾತಾಡಿದ್ರೆ ಕಾಮಿಡಿ ಆಗೋಗುತ್ತೆ!" ಅಂತ ನಕ್ಕ.

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಹುಡುಗನ ಮೇಲಲ್ಲ, ನಮ್ಮಂಥ ದೊಡ್ಡವರ ಮೇಲೆ.

ನಾನು ರಾಜಾಜಿನಗರದಲ್ಲಿ ಬೆಳೆದವನು. ಮನೆ ಹತ್ತಿರದ ಲೈಬ್ರರಿಯಲ್ಲಿ ಹಳೇ ‘ಸುಧಾ’ ತಿರುವಿ ಹಾಕಿ ಫ್ಯಾಂಟಮ್ ಓದ್ತಿದ್ದೆ. ಎಲ್ಲಿಯದೋ ಕಾಡಿನ ಆ ಮುಖವಾಡದ ಮನುಷ್ಯ ಅಚ್ಚ ಕನ್ನಡ ಮಾತಾಡ್ತಿದ್ದ. ‘ಬಾಲಮಂಗಳ’ದ ಡಿಂಗ ಮಲಯಾಳದಿಂದ ಬಂದವನು ಅಂತ ನಮಗೆ ಗೊತ್ತೇ ಇರಲಿಲ್ಲ. ಯಾರಿಗೂ ಅದು ಕಾಮಿಡಿ ಅನ್ನಿಸಿರಲಿಲ್ಲ.

ಮಾರ್ವೆಲ್ ಕಥೆ ನೋಡಿ. 1961ರಲ್ಲಿ ಫೆಂಟಾಸ್ಟಿಕ್ ಫೋರ್, 1962ರಲ್ಲಿ ಸ್ಪೈಡರ್-ಮ್ಯಾನ್. ಎಲ್ಲರೂ ಅದೇ ನ್ಯೂಯಾರ್ಕಿನವರು, ಹಾಗಾಗಿ ಒಬ್ಬರ ಪುಸ್ತಕದೊಳಗೆ ಇನ್ನೊಬ್ಬರು ಬಂದು ಹೋಗ್ತಿದ್ರು. ಒಂದು ಓದಿದ ಹುಡುಗ ಇನ್ನೊಂದನ್ನೂ ಹುಡುಕಬೇಕು, ಅದು ಉಪಾಯ. 2005ರಲ್ಲಿ ಕಂಪನಿ ತನ್ನ ಪಾತ್ರಗಳನ್ನೇ ಅಡವಿಟ್ಟು ಸಾಲ ಮಾಡಿ ಸ್ವಂತ ಸಿನಿಮಾಕ್ಕೆ ಇಳಿಯಿತು. 2008ರ ‘ಐರನ್ ಮ್ಯಾನ್’ ಕೊನೆಯಲ್ಲಿ ನಿಕ್ ಫ್ಯೂರಿ ಬಂದು ಮುಂದಿನ ಕಥೆಗೆ ದಾರಿ ಹಾಕಿದ. 2012ಕ್ಕೆ ಎಲ್ಲ ಹೀರೋಗಳೂ ಒಂದೇ ತೆರೆಗೆ ಬಂದ್ರು, 2019ರ ‘ಎಂಡ್‌ಗೇಮ್’ ಆ ಸರಣಿಯ 22ನೇ ಚಿತ್ರ. ಬರೀ ಗ್ರಾಫಿಕ್ಸ್ ನಂಬಿ ಕಟ್ಟಿದ್ದಲ್ಲ ಇದು. ಚಿಕ್ಕಂದಿನಲ್ಲಿ ತನ್ನ ಭಾಷೆಯಲ್ಲಿ ಓದಿದ್ದನ್ನ ದೊಡ್ಡವನಾದ ಮೇಲೂ ಬಿಡದ ಹುಡುಗನನ್ನ ನಂಬಿ ಕಟ್ಟಿದ್ದು.

ನಮ್ಮಲ್ಲೂ ಆ ಹುಡುಗ ಇದ್ದ. ಅಣ್ಣಾವ್ರು ಸಿ.ಐ.ಡಿ. 999 ಆಗಿ 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಸಿನಿಮಾದಲ್ಲಿ ಬಂದ್ರಲ್ಲ, ಒಂದೇ ಪಾತ್ರದ ಬೆನ್ನು ಹತ್ತೋದು ನಮಗೂ ಗೊತ್ತಿತ್ತು. ಆದ್ರೆ ಹೊರಗಿನ ಹೀರೋಗಳು ತೆರೆಗೆ ಬಂದಾಗ ನಾವು ಬಾಗಿಲು ಹಾಕ್ಕೊಂಡ್ವಿ. ಡಬ್ಬಿಂಗ್ ಬೇಡ!

1960ರ ದಶಕದಲ್ಲಿ ಅನಕೃ ಅಂಥವರು ಡಬ್ಬಿಂಗ್ ವಿರೋಧಿಸಿದ್ದಕ್ಕೆ ಅರ್ಥ ಇತ್ತು. ಕನ್ನಡ ಚಿತ್ರರಂಗ ಆಗ ಮದ್ರಾಸಿನ ಸ್ಟುಡಿಯೋಗಳನ್ನ ನಂಬಿಕೊಂಡಿದ್ದ ಕೂಸು. ಕೂಸು ಬೆಳೆದ ಮೇಲೂ ತೊಟ್ಟಿಲು ಯಾಕೆ? 2007ರಲ್ಲಿ ‘ಸ್ಪೈಡರ್-ಮ್ಯಾನ್ 3’ ಹಿಂದಿ, ತಮಿಳು, ತೆಲುಗಿನ ಜೊತೆ ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ! ಎಂಡ್‌ಗೇಮ್ ಕೂಡ ಅಷ್ಟೇ, ತಮಿಳು, ತೆಲುಗಿಗೆ ಬಂದದ್ದು ನಮಗಿಲ್ಲ.

2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ತಪ್ಪು ಅಂತ ಹೇಳಬೇಕಾಯ್ತು. 2021ರ ‘ಇಟರ್ನಲ್ಸ್’, 2022ರ ಡಾಕ್ಟರ್ ಸ್ಟ್ರೇಂಜ್ ಕನ್ನಡಕ್ಕೆ ಬಂದ್ವು. ಡಾಕ್ಟರ್ ಸ್ಟ್ರೇಂಜ್‌ಗೆ ನಾನು ನಮ್ಮ ಕಡೆ ಕನ್ನಡದ ಶೋ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ರೂ ಅಕ್ಕನ ಮಗ ಬರ್ತಿರಲಿಲ್ಲ ಬಿಡಿ. ಆ ಲೋಕಕ್ಕೆಲ್ಲ ಇಂಗ್ಲಿಷೇ ಅಂತ ಅವನ ಕಿವಿ ಅಷ್ಟರಲ್ಲೇ ತೀರ್ಮಾನ ಮಾಡಿಬಿಟ್ಟಿತ್ತು.

"ಡಬ್ಬಿಂಗ್ ಬಂದ್ರೆ ನಮ್ಮ ಸಿನಿಮಾ ಸಾಯುತ್ತೆ" ಅನ್ನೋರಿಗೆ ಒಂದೇ ಪ್ರಶ್ನೆ. ‘ಕೆಜಿಎಫ್’, ‘ಕಾಂತಾರ’ ದೇಶ ಗೆದ್ದದ್ದು ಹೇಗೆ ಸ್ವಾಮಿ? ಡಬ್ ಆಗಿಯೇ ತಾನೇ! ನಮ್ಮ ರಾಕಿ ಹಿಂದಿ ಮಾತಾಡಬಹುದು, ಥಾನೋಸ್ ಕನ್ನಡ ಮಾತಾಡಬಾರದಾ? ಕೆಟ್ಟ ಡಬ್ಬಿಂಗ್ ಇದೆ, ಒಪ್ತೀನಿ. ಅದಕ್ಕೆ ಮದ್ದು ಒಳ್ಳೇ ಸಂಭಾಷಣೆ ಬರೆಯೋರನ್ನ ಕರೆಸೋದು. ಬ್ಲಾಗ್ ಲೋಕದಲ್ಲೇ ಅಂಥವರು ಎಷ್ಟು ಜನ ಇಲ್ಲ?

2025ರಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ‘ಮಹಾವತಾರ ನರಸಿಂಹ’ ತಂತು. ಅದರ ಹಿಂದೆ ಏಳು ಚಿತ್ರಗಳ ಒಂದು ಲೋಕದ ಯೋಜನೆ ಇದೆ. ಸಂತೋಷ. ಆದ್ರೆ ವೀರಾವೇಶಕ್ಕೆ ಕನ್ನಡ ಒಗ್ಗಲ್ಲ ಅಂತ ನಂಬಿದ ಮಗು ನಾಳೆ ಅದನ್ನ ಯಾವ ಭಾಷೆಯಲ್ಲಿ ನೋಡುತ್ತೆ? ಕುಮಾರವ್ಯಾಸನ ಭೀಮ ಗರ್ಜಿಸಿದ ಭಾಷೆ ಕಣ್ರೀ ಇದು. ಥಾನೋಸ್ ಯಾವ ಲೆಕ್ಕ?

ನೀವೇನಂತೀರಿ?