ಸಹಿ ಹಾಕೋ ಮುಂಚೆ ಒಂದು ಸಲ ಓದಿ

ಪಂಚಮಿಗೆ ತವರಿಗೆ ಹೋಗಿ, ಉಂಡಿ ತಿಂದು, ಉಡಿ ತುಂಬಿಸಿಕೊಂಡು ಬರೋದು ಯಾವ ಹೆಣ್ಣುಮಗಳಿಗೆ ಬೇಡ ಹೇಳಿ? ಆದರೆ ಎಷ್ಟೋ ಮನೆಗಳಲ್ಲಿ ಆ ಸಂಭ್ರಮದ ನಡುವೆಯೇ ಅಣ್ಣನ ಮಾತೊಂದು ಬರುತ್ತೆ. 'ಹೆಂಗೂ ಬಂದೀಯಲ್ಲ ತಂಗಿ, ನಾಳೆ ಹಾನಗಲ್ಲಿಗೆ ಹೋಗಿ ಒಂದು ಸಹಿ ಹಾಕಿ ಬಂದುಬಿಡೋಣು.' ಯಾವ ಕಾಗದ, ಯಾಕೆ ಸಹಿ ಅಂತ ಕೇಳೋದಕ್ಕೂ ನಮಗೆ ಸಂಕೋಚ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೊ ಎಲ್ಲ ಮುಗಿದ ಮೇಲೆ ಒಂದು ಸೀರೆ, ಕುಬುಸ, ಅರಿಷಿಣ-ಕುಂಕುಮ. ಅಲ್ಲಿಗೆ ಅಪ್ಪನ ಹೊಲದಲ್ಲಿ ನಮ್ಮ ಪಾಲು ಮುಗಿದಂತೆ.

ಹಾನಗಲ್ ತಾಲ್ಲೂಕಿನ ಆಡೂರು ಶಾಸನಕ್ಕೆ ಹೆಸರಾದ ಊರು. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ಕಾಲದಲ್ಲಿ, ಅಂದರೆ 8ನೇ ಶತಮಾನದಲ್ಲೇ, ಜಿನಾಲಯಕ್ಕೆ ಬಿಟ್ಟ ಭೂಮಿಯ ಲೆಕ್ಕವನ್ನು ಅಲ್ಲಿ ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ಹೊಲದ ವಿಷಯ ಬಾಯಿಮಾತಿನಲ್ಲಿ ಉಳಿಯಬಾರದು ಅನ್ನೋ ತಿಳಿವಳಿಕೆ ಆಗಿನವರಿಗೇ ಇತ್ತು. ಆಡೂರಿನಂಥ ಊರುಗಳಲ್ಲಿ ಹುಟ್ಟಿ, ಇವತ್ತು ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನಲ್ಲಿ ಸಂಸಾರ ಮಾಡುತ್ತಿರೋ ನಾವು ಮಾತ್ರ ನಮ್ಮದೇ ಕಾಗದ ಓದದೆ ಸಹಿ ಹಾಕುತ್ತೇವೆ.

ಕಾನೂನು ಏನನ್ನುತ್ತೆ?

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಈ ಅಡ್ಡಿಯನ್ನು ತೆಗೆದು, ಮಗಳೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳು ಎಂದಿತು.

ಗೊಂದಲ ಅಲ್ಲಿಗೂ ಮುಗಿಯಲಿಲ್ಲ. 2005ರ ಆ ದಿನ ಅಪ್ಪ ಬದುಕಿರಬೇಕಿತ್ತು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಪ್ರಕಾಶ್-ಫೂಲವತಿ ಪ್ರಕರಣದಲ್ಲಿ ಹೇಳಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, 2001ರಲ್ಲೇ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಅಪ್ಪ ಅಂದು ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಅಥವಾ ಕೋರ್ಟ್ ಮೂಲಕ ಆದ ವಾಟ್ನಿಯನ್ನು ಈಗ ಕೆದಕಲಾಗದು.

ಇದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ಲಿಂಗಾಯತರು, ಜೈನರೂ ಇದರಡಿಯಲ್ಲೇ ಬರುತ್ತಾರೆ. ಮುಸ್ಲಿಂ, ಕ್ರೈಸ್ತ ಸೋದರಿಯರಿಗೆ ಬೇರೆ ಕಾನೂನುಗಳಿವೆ.

ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಯ ಲೆಕ್ಕ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ಮೃತ್ಯುಪತ್ರ ಬರೆದು ಕೊಡಬಹುದು. ಬರೆಯದೆ ತೀರಿಕೊಂಡರೆ ಅವರ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಅಜ್ಜಿ ಇಲ್ಲದ ಮನೆಯಲ್ಲಿ ಅವ್ವ, ಇಬ್ಬರು ಅಣ್ಣಂದಿರು, ನೀವು ಇದ್ದರೆ ನಿಮ್ಮದು ನಾಲ್ಕನೇ ಒಂದು.

ತವರು ಉಳಿಯಲ್ವಾ?

'ಮದುವೆಗೆ ಅಷ್ಟು ಖರ್ಚು ಮಾಡಿಲ್ವಾ, ಅದೇ ನಿನ್ನ ಪಾಲು' ಅಂತಾರೆ. ಮದುವೆ ಊಟದ ಖರ್ಚು ಕಾನೂನಿನಲ್ಲಿ ಪಾಲು ಅನ್ನಿಸಿಕೊಳ್ಳೋದಿಲ್ಲ. ಅಣ್ಣನ ಮದುವೆಗೂ ಖರ್ಚಾಗಿತ್ತು ತಾನೇ? 'ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತೆ' ಅನ್ನೋ ಭಯ ಮಾತ್ರ ಸುಳ್ಳಲ್ಲ. ಅವ್ವನ ಕಣ್ಣೀರು, ವೈನಿಯ ಮುನಿಸು, ಹಬ್ಬಕ್ಕೆ ಬಾರದ ಕರೆ, ಇದನ್ನೆಲ್ಲ ಎದುರಿಸೋದು ಸುಲಭವಲ್ಲ.

ಎಲ್ಲರೂ ಕೋರ್ಟಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಮಳೆ ನಂಬಿಕೊಂಡು ಎರಡೆಕರೆ ಹೊಲ ಉಳುತ್ತಾ, ವಯಸ್ಸಾದ ಅವ್ವನನ್ನು ನೋಡಿಕೊಳ್ಳುತ್ತಿರೋ ತಮ್ಮನಿಗೆ ಪಾಲು ಬಿಟ್ಟುಕೊಡೋದು ದೊಡ್ಡ ಗುಣವೇ. ಆದರೆ ಏನು ಬಿಡ್ತಿದ್ದೀವಿ ಅಂತ ಗೊತ್ತಿದ್ದು ಬಿಟ್ಟರೆ ಅದು ದಾನ. ಗೊತ್ತಿಲ್ಲದೆ ಬಿಟ್ಟರೆ ಮೋಸ ಹೋದಂತೆ. ನಾಳೆ ಗಂಡನ ಕೆಲಸ ಹೋಯಿತು, ಇಲ್ಲವೇ ನೀವೇ ಒಂಟಿಯಾದಿರಿ ಅಂದುಕೊಳ್ಳಿ. ಆಗ ಆ ಅರ್ಧ ಎಕರೆಯೇ ನಿಮಗೆ ಆಸರೆ. ನೋಂದಣಿಯಾದ ಹಕ್ಕುಬಿಟ್ಟ ಪತ್ರವನ್ನು ರದ್ದು ಮಾಡಿಸಬೇಕಾದರೆ ಮೋಸ ಅಥವಾ ಬಲವಂತ ಆಗಿದ್ದನ್ನು ನೀವೇ ಸಾಬೀತು ಮಾಡಬೇಕು. ಅದೂ ವಿಷಯ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಬೇಕು.

ಇದರ ಇನ್ನೊಂದು ಮುಖವೂ ಇದೆ. 'ತವರಿನಿಂದ ಪಾಲು ತಾ' ಎಂದು ಗಂಡನ ಮನೆಯವರು ಪೀಡಿಸುವುದುಂಟು. ಕೇಳೋದು, ಬಿಡೋದು ನಿಮ್ಮ ಇಷ್ಟ, ಅವರದ್ದಲ್ಲ. ಹಾಗೆ ಹಿಂಸೆ ಕೊಟ್ಟರೆ ಅದು ಅಪರಾಧ. ನಾವು 498ಎ ಎನ್ನುತ್ತಿದ್ದ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಆಗಿದೆ. ಮೂರು ವರ್ಷದವರೆಗೆ ಜೈಲು ಶಿಕ್ಷೆ, ದಂಡ ಹಾಗೆಯೇ ಇವೆ.

ಇಷ್ಟು ನೆನಪಿರಲಿ

* ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರಾ ನೋಡಿ. ಬಿಟ್ಟಿದ್ದರೆ ನಾಡಕಚೇರಿಗೆ ಲಿಖಿತವಾಗಿ ತಕರಾರು ಕೊಡಿ.
* ಉತಾರದಲ್ಲಿ ಅಣ್ಣನ ಹೆಸರು ಮಾತ್ರ ಇದ್ದರೆ ಗಾಬರಿ ಬೇಡ. ವಾರಸಾ ಆದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗೋದಿಲ್ಲ.
* ಖಾಲಿ ಹಾಳೆ, ಖಾಲಿ ಬಾಂಡ್ ಪೇಪರಿಗೆ ಯಾರು ಕೇಳಿದರೂ ಸಹಿ ಬೇಡ. ಕಾಗದದ ಪ್ರತಿ ಮನೆಗೆ ತಂದು ನಿಧಾನವಾಗಿ ಓದಿ.
* ಮೃತ್ಯುಪತ್ರಕ್ಕೆ ಬಾಂಡ್ ಪೇಪರ್ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಪಿತ್ರಾರ್ಜಿತದಲ್ಲಿ ಅಪ್ಪ ತಮ್ಮ ಪಾಲನ್ನಷ್ಟೇ ಬರೆದುಕೊಡಬಹುದು, ನಿಮ್ಮದನ್ನಲ್ಲ.
* ಬ್ಯಾಂಕಿನಲ್ಲಿ ನಾಮಿನಿ ಆದವರು ಹಣ ತೆಗೆದುಕೊಳ್ಳಬಹುದು. ಆದರೆ ಅದು ವಾರಸುದಾರರೆಲ್ಲರ ಹಣ.
* ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಒಂದು ಕೆಜಿ ಬೇಳೆ ಕೊಳ್ಳುವಾಗ ಹತ್ತು ಸಲ ನೋಡೋರು ನಾವು. ಅಪ್ಪನ ಹೊಲದ ಕಾಗದವನ್ನು ಒಂದು ಸಲವಾದರೂ ಓದೋಣ. ಪ್ರೀತಿಯಿಂದ ಕೇಳೋ ಅಣ್ಣ-ತಮ್ಮಂದಿರು 'ಓದಿ ಹೇಳ್ತೀನಿ, ಎರಡು ದಿನ ಟೈಮ್ ಕೊಡು' ಅಂದರೆ ಖಂಡಿತ ಬೇಜಾರು ಮಾಡಿಕೊಳ್ಳೋದಿಲ್ಲ. ಬೇಜಾರು ಮಾಡಿಕೊಂಡರೆ, ಆ ಕಾಗದವನ್ನು ಇನ್ನೊಂದು ಸಲ ಓದಲೇಬೇಕು ಅಂತ ತಿಳಿಯಿರಿ!