ಸಾಲಿಯ ದಾರಿಗೆ ಜೊತೆಯಾಗೋಣ



ಈ ಸಲ ಬಂದ ಪತ್ರಗಳಲ್ಲಿ ಲಕ್ಷ್ಮೇಶ್ವರದ ತಂಗಿಯೊಬ್ಬರ ಪತ್ರವನ್ನು ಎರಡೆರಡು ಸಲ ಓದಿದೆ. ಅವರು ಬರೆಯುತ್ತಾರೆ: “ಅಕ್ಕಾರ, ಟಿ.ವಿ.ಯೊಳಗ ಗಾಜಾದ ಮಕ್ಕಳನ್ನ ನೋಡಿದ್ರ ಕೈಯಾಗಿನ ತುತ್ತು ಬಾಯಿಗೆ ಹೋಗೂದಿಲ್ಲ. ಮನ್ಯಾಗ ಆ ಮಾತು ತೆಗೆದ್ರ, ‘ಎಲ್ಲಿದೋ ದೂರದ ಜಗಳ, ನಿನಗ್ಯಾಕ ಬೇಕು? ನಿನ್ನ ಹುಡುಗರು ಸಾಲಿಗೆ ಸುರಳೀತ ಹೋಗಿ ಬಂದ್ರ ಸಾಕು’ ಅಂತಾರ. ನಮ್ಮಂಥಾ ಹೆಣ್ಣುಮಕ್ಕಳು ಇಲ್ಲಿ ಕುಂತು ಏನು ಮಾಡಾಕ ಆಗತೈತಿ, ಹೇಳ್ರಿ.”

ಪ್ರಶ್ನೆ ಸಣ್ಣದಲ್ಲ. ಆದರೆ ಮನೆಯವರು ಆಡಿದ ಮಾತಿನಲ್ಲೇ ಅರ್ಧ ಉತ್ತರ ಅಡಗಿದೆ ನೋಡಿ. ಮಕ್ಕಳು ಸಾಲಿಗೆ ಸುರಳೀತ ಹೋಗಿ ಬರಬೇಕು! ಅಲ್ಲಿಯ ತಾಯಿ ದೇವರಲ್ಲಿ ಬೇಡುವುದೂ ಇದನ್ನೇ ಅಲ್ಲವೇ? ಬುತ್ತಿ ಕಟ್ಟಿ, ಜಡೆ ಹಾಕಿ, ಬಾಗಿಲಲ್ಲಿ ನಿಂತು ಕಣ್ಣಿಗೆ ಮರೆಯಾಗುವವರೆಗೂ ನೋಡುವ ಜೀವ ಗದಗಿನಲ್ಲಾದರೇನು, ಗಾಜಾದಲ್ಲಾದರೇನು, ಒಂದೇ.

ಮೊದಲು ಅಲ್ಲಿಯ ಸಂಗತಿ ತಿಳಿದುಕೊಳ್ಳೋಣ. 2023ರ ಅಕ್ಟೋಬರ್ 7ರಂದು ಹಮಾಸ್‌ನವರು ಇಸ್ರೇಲಿನ ಮೇಲೆ ದಾಳಿ ಮಾಡಿ ಸುಮಾರು 1200 ಜನರನ್ನು ಕೊಂದರು. ಆ ದಿನ ಅಲ್ಲಿಯ ತಾಯಂದಿರೂ ಅತ್ತರು. ಅದರ ಹಿಂದೆಯೇ ಗಾಜಾದ ಮೇಲೆ ಇಸ್ರೇಲಿನ ಯುದ್ಧ ಬಿತ್ತು. ಸಾವಿರಾರು ಮಕ್ಕಳು ಸತ್ತರು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ಓದು ನಿಂತೇ ಹೋಯಿತು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಶಾಲಾ ಕಟ್ಟಡಗಳು ಕೆಟ್ಟವು, ಇಲ್ಲವೇ ಉರುಳಿದವು. ಉಳಿದ ಎಷ್ಟೋ ಶಾಲೆಗಳಲ್ಲಿ ಮನೆ ಕಳಕೊಂಡವರು ಸಂಸಾರ ಹೂಡಿದರು. ಕರಿಹಲಗೆಯ ಕೆಳಗೇ ಒಲೆ, ಬೆಂಚಿನ ಮೇಲೇ ಹಾಸಿಗೆ. 2025ರ ಅಕ್ಟೋಬರ್ 10ರಂದು ಕದನವಿರಾಮ ಬಂತು. ಆದರೆ ಬಿದ್ದ ಗೋಡೆ ಎದ್ದು ನಿಲ್ಲುವುದು, ಹೋದ ವರ್ಷಗಳು ತಿರುಗಿ ಬರುವುದು ಅಷ್ಟು ಸುಲಭವೇ?

ಗಾಜಾ ಅಲ್ಲದೆ ಫ್ಯಾಲೆಸ್ತೀನಿನ ಇನ್ನೊಂದು ಭಾಗವಿದೆ, ಪಶ್ಚಿಮ ದಂಡೆ ಎನ್ನುತ್ತಾರೆ. ಅಲ್ಲಿ ಹೆಬ್ರಾನ್ ಪಟ್ಟಣದ ದಕ್ಷಿಣಕ್ಕೆ ಗುಡ್ಡಗಾಡಿನಲ್ಲಿ ಕುರಿ ಸಾಕುವವರ ಸಣ್ಣ ಸಣ್ಣ ಹಳ್ಳಿಗಳು. ಅವುಗಳಲ್ಲೊಂದು ಅತ್-ತುವಾನಿ. ಶಾಲೆ ಕಟ್ಟಲು ಅವರಿಗೆ ಪರವಾನಗಿ ಸಿಗಲಿಲ್ಲ. ಆಗ ಒಬ್ಬ ತಾಯಿಗೆ ಉಪಾಯ ಹೊಳೆಯಿತು. ಹಗಲು ಹೆಂಗಸರು ಮಕ್ಕಳು ಕೆಲಸ ಮಾಡಿದರೆ ಸೈನಿಕರಿಗೆ ಸಂಶಯ ಬಾರದು. ರಾತ್ರಿ ಗಂಡಸರು ಮಾಡಲಿ ಎಂದಳು. ಹಾಗೆ ಹಗಲೂ ರಾತ್ರಿ ಕಲ್ಲು ಹೊತ್ತು ಶಾಲೆ ಕಟ್ಟಿದರು. 2025ರಲ್ಲಿ ಆಸ್ಕರ್ ಬಹುಮಾನ ಪಡೆದ ‘ನೋ ಅದರ್ ಲ್ಯಾಂಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ಕತೆ ಬರುತ್ತದೆ.

ಆ ಶಾಲೆಗೆ ಪಕ್ಕದ ತೂಬಾ ಎಂಬ ಊರಿನ ಮಕ್ಕಳೂ ನಡೆದು ಬರಬೇಕು. ನೇರ ದಾರಿಯಲ್ಲಿ ಬಂದರೆ ದೂರವಿಲ್ಲ. ಆದರೆ ಆ ದಾರಿ ಇಸ್ರೇಲಿನಿಂದ ಬಂದು ನೆಲೆಸಿದವರ ಬಡಾವಣೆಗಳ ನಡುವೆ ಹಾಯುತ್ತದೆ. ಅವರಲ್ಲಿ ಕೆಲವರು ಮಕ್ಕಳ ಮೇಲೆ ಕಲ್ಲು ಬೀರತೊಡಗಿದರು. ಸುತ್ತುದಾರಿ ಹಿಡಿದರೆ ಎಳೆಗಾಲುಗಳಿಗೆ ದಣಿವು. 2004ರಲ್ಲಿ ಪರದೇಶದ ಕೆಲ ಸ್ವಯಂಸೇವಕರು ಬಂದು ಆ ಮಕ್ಕಳ ಜೊತೆ ನಡೆಯತೊಡಗಿದರು. ಕೈಯಲ್ಲಿ ಬಡಿಗೆಯಿಲ್ಲ, ಬಂದೂಕಿಲ್ಲ. ಮುಸುಕು ಹಾಕಿಕೊಂಡವರು ಬಂದು ಅವರನ್ನು ಸರಪಳಿಯಿಂದ ಹೊಡೆದು ಎಲುಬು ಮುರಿದರು. ಆ ಸುದ್ದಿ ಜಗತ್ತಿಗೆಲ್ಲ ಹರಡಿತು. ಇಸ್ರೇಲಿನ ಸಂಸತ್ತಿನ ಮಕ್ಕಳ ಹಕ್ಕುಗಳ ಸಮಿತಿಯಲ್ಲಿ ಮಾತು ಬಂದು, ಅದೇ ವರ್ಷದ ಕೊನೆಗೆ ಸೈನ್ಯದ ಜೀಪೇ ಮಕ್ಕಳ ಹಿಂದೆ ಮುಂದೆ ಹೋಗಬೇಕೆಂದು ಠರಾವಾಯಿತು. ಜೀಪು ತಡವಾದ ದಿನ ಮಕ್ಕಳು ಬಿಸಿಲಲ್ಲಿ ಕಾಯುತ್ತಿದ್ದರು. 2023ರ ಯುದ್ಧ ಹತ್ತಿದ ಮೇಲೆ ಆ ಕಾವಲೂ ತಪ್ಪಿತು. ಆದರೂ ಜೊತೆಗೆ ನಡೆಯುವವರು ಪೂರಾ ಇಲ್ಲವಾಗಲಿಲ್ಲ. ಅವರಲ್ಲಿ ಇಸ್ರೇಲಿನವರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಈ ಜನ ಮಾಡಿದ್ದೇನು? ತಮ್ಮದಲ್ಲದ ಮಕ್ಕಳ ಪಕ್ಕದಲ್ಲಿ ನಡೆದರು. ಅಷ್ಟೇ. ಒಗ್ಗಟ್ಟು, ಬೆಂಬಲ ಎಂದು ನಾವು ದೊಡ್ಡ ದೊಡ್ಡ ಮಾತು ಆಡುತ್ತೇವೆ. ಅದರ ಅಡಿಪಾಯ ಇಷ್ಟೇ ಸಣ್ಣದು ತಾಯಂದಿರೇ.

ಇದು ಪರದೇಶದವರಿಂದ ನಾವು ಹೊಸದಾಗಿ ಕಲಿಯಬೇಕಾದ ಪಾಠವೂ ಅಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠ ನಮಗೆ ಹೇಳುತ್ತ ಬಂದದ್ದು ದ್ವೇಷ ಬಿಡು, ಪ್ರೀತಿ ಮಾಡು ಎಂದು. ಮಠವೂ ಹೌದು, ಗುರುವಿಗೆ ಫಕೀರನೆಂಬ ಹೆಸರೂ ಹೌದು. ಲಕ್ಷ್ಮೇಶ್ವರದ ಸೋಮೇಶ್ವರನಿಗೆ ಕೈಮುಗಿದವರೇ ದೂದನಾನಾ ದರ್ಗಾಕ್ಕೂ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಗದಗ ತಾಲೂಕಿನ ಕಣಗಿನಹಾಳದ ರೈತರು 1905ರಲ್ಲೇ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಕಟ್ಟಿದರು. ಒಬ್ಬರ ಸಾಲಕ್ಕೆ ಊರೇ ಹೆಗಲು ಕೊಡಬೇಕೆಂದು ತಿಳಿದವರ ಸೀಮೆ ಇದು. ನಮ್ಮ ದೇಶವೂ ಫ್ಯಾಲೆಸ್ತೀನನ್ನು ಪರಕೀಯವೆಂದು ದೂರ ಇಟ್ಟಿಲ್ಲ. 1988ರಲ್ಲೇ ಅದನ್ನು ದೇಶವೆಂದು ಮನ್ನಿಸಿತು. ಅಲ್ಲಿಯ ಅಬು ದೀಸ್ ಮತ್ತು ಅಸೀರಾ ಅಲ್-ಶಮಾಲಿಯಾ ಎಂಬ ಊರುಗಳಲ್ಲಿ ಭಾರತದ ನೆರವಿನಿಂದ ನೆಹರೂ ಅವರ ಹೆಸರಿನ ಶಾಲೆಗಳಾದವು.

ಸರಿ, ಈಗ ನಮ್ಮ ಮನೆಯ ಹೊಸ್ತಿಲಿಗೆ ಬರೋಣ. ನಮ್ಮಲ್ಲಿ ಬಾಂಬು ಬೀಳುವುದಿಲ್ಲ, ದೇವರು ದೊಡ್ಡವನು. ಆದರೆ ಸಾಲಿಯ ದಾರಿಯ ಭಯ ನಮ್ಮ ಮಕ್ಕಳಿಗೆ ಇಲ್ಲವೇ? ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಪಟ್ಟಣಗಳಿಗೆ ರೈಲಿಲ್ಲ, ಹಳ್ಳಿಯ ಮಕ್ಕಳಿಗೆ ಬಸ್ಸೇ ಗತಿ. 2023ರ ಜೂನ್‌ನಿಂದ ಹೆಂಗಸರಿಗೆ ಉಚಿತ ಪ್ರಯಾಣ ಬಂದದ್ದು ನಮಗೆಲ್ಲ ಸಂತೋಷ. ಆದರೆ ಮುಂಜಾನೆಯ ಗದ್ದಲದಲ್ಲಿ ಪಾಟೀಚೀಲ ಹೊತ್ತ ಹುಡುಗ ಬಾಗಿಲಲ್ಲಿ ಜೋತು ಬಿದ್ದದ್ದನ್ನು ನಾವೂ ನೋಡಿದ್ದೇವಲ್ಲ? ಸಂತೆಗೆ ಹೋಗುವ ನಾವು ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹೋದರೆ ಆ ಜಾಗದಲ್ಲಿ ಒಂದು ಮಗು ಸಾಲಿಗೆ ಹೋಗುತ್ತದೆ. ಮಳೆ ಬಂದರೆ ಎರೆಮಣ್ಣಿನ ದಾರಿ ಕಾಲು ಬಿಡುವುದಿಲ್ಲ, ಹಳ್ಳ ಹೇಳಿಕೇಳಿ ಬರುವುದಿಲ್ಲ. ಹೆದ್ದಾರಿ ದಾಟುವಲ್ಲಿ ಲಾರಿಗಳ ಆರ್ಭಟ. ಇನ್ನು ಹೆಣ್ಣುಮಕ್ಕಳಿಗೆ ದಾರಿಯಲ್ಲಿ ಚುಡಾಯಿಸುವವರ ಕಾಟ. “ಆ ದಾರಿಗೆ ಹುಡುಗಿ ಬ್ಯಾಡ, ಏಳನೇತ್ತೆ ಸಾಕು” ಎಂದು ಓದು ಬಿಡಿಸಿದ ಮನೆಗಳು ನಿಮ್ಮ ಓಣಿಯಲ್ಲೂ ಇರಬಹುದು. ಕಲ್ಲು ಬೀಳದೆಯೂ ದಾರಿ ಮುಚ್ಚುತ್ತದೆ ಸೋದರಿಯರೇ.

ದಾರಿಗೆ ಹೆದರಿ ಹಿಂದೆ ಸರಿಯದ ಒಬ್ಬ ತಾಯಿಯನ್ನು ಇಲ್ಲಿ ನೆನೆಯಬೇಕು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸಲು ಹೊರಟ ಸಾವಿತ್ರಿಬಾಯಿ ಫುಲೆಯವರ ಮೇಲೆ ಜನ ಸಗಣಿ ಕೆಸರು ಎರಚುತ್ತಿದ್ದರು. ಆಕೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಉಟ್ಟು ಪಾಠ ಮಾಡುತ್ತಿದ್ದರಂತೆ. ನಮ್ಮ ಸುಳ್ಯದ ಗಿರೀಶ್ ಭಾರದ್ವಾಜ್ ಎಂಬ ಇಂಜಿನಿಯರರ ಹತ್ತಿರ ಹಳ್ಳಿಯವರು ಬಂದು, ಹೊಳೆ ದಾಟಲು ಸೇತುವೆ ಬೇಕೆಂದು ಕೇಳಿದರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದವರು, ಮುಂದೆ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು. ಮಳೆಗಾಲದಲ್ಲಿ ಸಾಲಿ ತಪ್ಪಿಸುತ್ತಿದ್ದ ಎಷ್ಟು ಮಕ್ಕಳಿಗೆ ದಾರಿಯಾಯಿತೋ! 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಾವು ಸೇತುವೆ ಕಟ್ಟಲಾರೆವು, ನಿಜ. ನಮ್ಮ ಕೈಲಾಗುವುದನ್ನು ಕೆಳಗೆ ಬರೆದಿದ್ದೇನೆ. ಬೇಕಾದರೆ ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ.

ಒಂದು: ಓಣಿಯ ಆರು ತಾಯಂದಿರು ಕೂಡಿ. ವಾರಕ್ಕೆ ಆರು ದಿನ ಸಾಲಿ. ಒಬ್ಬೊಬ್ಬರ ಪಾಲಿಗೆ ಒಂದೊಂದು ದಿನ. ಆ ದಿನ ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ನಡೆಸಿಕೊಂಡು ಬಿಟ್ಟು ಬರುವುದು ಅವರ ಕೆಲಸ. ಸಣ್ಣವರು ನಡುವೆ, ದೊಡ್ಡ ಹುಡುಗರು ಹಿಂದೆ ಮುಂದೆ. ಉಳಿದ ಐದು ದಿನ ನೀವು ನಿಶ್ಚಿಂತೆಯಿಂದ ರೊಟ್ಟಿ ಬಡಿಯಬಹುದು. ಅಜ್ಜ ಅಜ್ಜಿಯರನ್ನೂ ಸೇರಿಸಿಕೊಳ್ಳಿ, ಅವರಿಗೂ ಕಾಲು ಸಡಿಲಾಗುತ್ತದೆ. ಕಣಗಿನಹಾಳದವರು ಕಲಿಸಿದ ಸಹಕಾರವೇ ಇದು, ದುಡ್ಡಿನ ಬದಲು ಹೆಜ್ಜೆಯ ಲೆಕ್ಕ.

ಎರಡು: ಆಟೋದಲ್ಲಿ ಕಳಿಸುವವರು ಒಂದು ದಿನ ನಿಂತು ಎಣಿಸಿ, ಎಷ್ಟು ಮಕ್ಕಳನ್ನು ತುಂಬಿದ್ದಾರೆ ಎಂದು. ಹೊರಗೆ ಕಾಲು ಚಾಚಿ ಕೂತಿದ್ದರೆ ಎಲ್ಲ ತಾಯಂದಿರೂ ಕೂಡಿ ಮಾತಾಡಿ. ಒಬ್ಬರು ಹೇಳಿದರೆ ಜಗಳ, ಹತ್ತು ಮಂದಿ ಹೇಳಿದರೆ ನಿಯಮ.

ಮೂರು: ಕಾಯಿದೆ ನಮ್ಮ ಕಡೆ ಇದೆ ಎಂಬುದನ್ನು ತಿಳಿದಿರಿ. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2010ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳ ಪ್ರಕಾರ ಐದನೆಯವರೆಗಿನ ಶಾಲೆ ಮನೆಯಿಂದ 1 ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯವರೆಗಿನದು 3 ಕಿಲೋಮೀಟರಿನೊಳಗೆ ಇರಬೇಕು. ನೆರೆಯ ಭಯ, ದಾರಿಯಿಲ್ಲದ ಕಷ್ಟ ಇದ್ದಲ್ಲಿ ಆ ಅಪಾಯ ತಪ್ಪುವಂತೆ ಶಾಲೆಯ ಜಾಗ ನೋಡಬೇಕೆಂದೂ ಅದರಲ್ಲಿದೆ. ಸರ್ಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಹೆಚ್ಚಿನವರು ಪಾಲಕರೇ, ಹೆಣ್ಣುಮಕ್ಕಳಿಗೆ ಅರ್ಧ ಪಾಲಿದೆ. ಸಹಿ ಮಾಡಿ ಚಹಾ ಕುಡಿದು ಬರಬೇಡಿ. ದಾರಿಯ ಮಾತು ಎತ್ತಿ, ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ನಾಲ್ಕು: ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಅಲ್ಲಿ ಮಕ್ಕಳೇ ಎದ್ದು ನಿಂತು ಕೇಳಬಹುದು. ಬಸ್ಸು ನಮ್ಮೂರಲ್ಲಿ ಯಾಕೆ ನಿಲ್ಲುವುದಿಲ್ಲ, ದಾರಿಯ ದೀಪ ಯಾಕೆ ಹತ್ತುವುದಿಲ್ಲ ಎಂದು. ಮನೆಯಲ್ಲಿ ಕೂರಿಸಿಕೊಂಡು ಧೈರ್ಯ ಹೇಳಿ ಕಳಿಸಿ. ಮಗುವಿಗೆ ತೊಂದರೆಯಾದರೆ 1098, ತುರ್ತಿಗೆ 112. ಈ ಎರಡು ಸಂಖ್ಯೆ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಬರಲಿ.

ಐದು: ಮಗಳು ದಾರಿಯ ಕಾಟ ಹೇಳಿದರೆ ಅವಳ ಓದು ನಿಲ್ಲಿಸಬೇಡಿ. ನಿಲ್ಲಿಸಬೇಕಾದದ್ದು ಕಾಟವನ್ನು. ಬೈದರೆ ಮುಂದೆ ಅವಳು ಹೇಳುವುದನ್ನೇ ಬಿಡುತ್ತಾಳೆ.

ಕೊನೆಯ ಮಾತು ತುಸು ಕಹಿ, ಆದರೂ ಹೇಳಲೇಬೇಕು. ಮಕ್ಕಳ ಸಾಲು ಕಟ್ಟುವಾಗ “ಆ ಮನೆಯವರದು ಬ್ಯಾಡ” ಎಂಬ ಮಾತು ಒಂದಲ್ಲ ಒಂದು ಬಾಯಿಂದ ಬಂದೇ ಬರುತ್ತದೆ. ಜಾತಿಯ ಹೆಸರಿನಲ್ಲಿ ಬರಬಹುದು, ಧರ್ಮದ ಹೆಸರಿನಲ್ಲಿ ಬರಬಹುದು. ಹಾಗೆಯೇ ಟಿ.ವಿ.ಯಲ್ಲಿ ಗಾಜಾದ ಸುದ್ದಿ ಬಂದಾಗ “ಅವರಿಗೆ ಹಂಗೇ ಆಗಬೇಕು” ಎನ್ನುವವರೂ ಇದ್ದಾರೆ. ನಮ್ಮ ಮಕ್ಕಳು ನೆಲದ ಮೇಲೆ ಕೂತು ಊಟ ಮಾಡುತ್ತ ಇದನ್ನೆಲ್ಲ ಕೇಳುತ್ತಾರೆ. ಯಾವ ಮಗುವಿನ ನೋವು ಲೆಕ್ಕಕ್ಕಿದೆ, ಯಾವುದರದು ಇಲ್ಲ ಎಂದು ಕಲಿಯುತ್ತಾರೆ. ಅಲ್ಲಿ ನೀವು ಮೆಲ್ಲನೆ, ಆದರೆ ಗಟ್ಟಿಯಾಗಿ ಹೇಳಿ: “ಹುಡುಗರು ಯಾರದಾದರೇನು, ಹುಡುಗರೇ. ಎಲ್ಲರೂ ಸಾಲಿನೊಳಗ ಇರಲಿ.” ಫ್ಯಾಲೆಸ್ತೀನಿನ ಮಕ್ಕಳ ಪರವಾಗಿ ಸಣ್ಣ ಊರಿನ ಗೃಹಿಣಿ ಇಂದೇ ಆಡಬಹುದಾದ ಮಾತು ಇದು. ನಾಳೆ ನಿಮ್ಮ ಮಗುವಿನ ಪರವಾಗಿ ಯಾರಾದರೂ ಆಡಬೇಕಾದ ಮಾತೂ ಇದೇ.

ಹನಿಹನಿ ಕೂಡಿದರೆ ಹಳ್ಳ, ತೆನೆತೆನೆ ಕೂಡಿದರೆ ಬಳ್ಳ. ನಿಮ್ಮ ಓಣಿಯಲ್ಲಿ ಮಕ್ಕಳ ಸಾಲು ಹೊರಟರೆ ನನಗೊಂದು ಕಾರ್ಡು ಹಾಕಿರಿ. ಎಷ್ಟು ಮಂದಿ ಕೂಡಿದಿರಿ, ಏನು ಅಡಚಣೆ ಬಂತು, ಹೇಗೆ ಬಗೆಹರಿಸಿದಿರಿ ಎಂದು ಬರೆಯಿರಿ. ಮುಂದಿನ ಸಂಚಿಕೆಗಳಲ್ಲಿ ಬೇರೆ ಊರಿನ ಸೋದರಿಯರಿಗೂ ತಿಳಿಸೋಣ.